ಮೊದಲ ಪೀರಿಯಡ್‌ನ ಬಾಗಿಲು: ಓದು ಕಲಿಸುವ ಕ್ರಮವನ್ನು ಬದಲಿಸಿದ ಮೂರು ವರ್ಷ

ಐದನೆಯ ತರಗತಿಯ ಶಿಕ್ಷಕಿ ರಜೆಯಲ್ಲಿದ್ದ ಒಂದು ದಿನ ಅವರ ತರಗತಿಯನ್ನು ನೋಡಿಕೊಳ್ಳಲು ನಾನೇ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿಯಾದ ಮೇಲೆ ಸೀಮೆಸುಣ್ಣ ಹಿಡಿಯುವ ದಿನಗಳೇ ಕಡಿಮೆಯಾಗಿದ್ದುದರಿಂದ ಒಂದಷ್ಟು ಉತ್ಸಾಹವೂ ಇತ್ತು. ಮುಂದಿನ ಸಾಲಿನಲ್ಲಿದ್ದ ಹುಡುಗಿಗೆ ಪಾಠ ಓದಲು ಹೇಳಿದೆ. ಅವಳು ಎದ್ದು ನಿಂತು, ಪುಸ್ತಕವನ್ನು ಎದೆಯ ಎತ್ತರಕ್ಕೆ ಹಿಡಿದು, ಒಂದು ತಪ್ಪೂ ಇಲ್ಲದೆ ಅರ್ಧ ಪುಟ ಓದಿದಳು. ಹತ್ತಿರ ಹೋಗಿ ನೋಡಿದರೆ ಅವಳ ಬೆರಳು ಬೇರೊಂದು ಸಾಲಿನ ಮೇಲಿತ್ತು. ಪುಟದ ನಡುವಿನ ಒಂದು ಪದವನ್ನು ತೋರಿಸಿ "ಇದೇನಮ್ಮಾ?" ಎಂದು ಕೇಳಿದೆ. ಅವಳು ಪಾಠದ ಮೊದಲ ಸಾಲಿನಿಂದ ತುಟಿಯಲ್ಲೇ ಗುನುಗುತ್ತಾ ಬಂದು, ಆ ಪದ ಎಲ್ಲಿ ಸಿಕ್ಕೀತೆಂದು ಹುಡುಕಿದಳು, ಸಿಗಲಿಲ್ಲ. ತಲೆ ತಗ್ಗಿಸಿದಳು. ಪಾಠವಿಡೀ ಅವಳಿಗೆ ಬಾಯಿಪಾಠವಾಗಿತ್ತು, ಓದಲು ಬರುತ್ತಿರಲಿಲ್ಲ. ಒಂದನೆಯ ತರಗತಿಯಿಂದ ನಮ್ಮಲ್ಲೇ ಕಲಿತ ಮಗು ಅದು, ಪ್ರತಿ ವರ್ಷದ ಅಂಕಪಟ್ಟಿಯ ಕೆಳಗೂ ನನ್ನದೇ ಸಹಿ ಇತ್ತು.

ಅಂದಿನಿಂದ ಮೂರು ಶೈಕ್ಷಣಿಕ ವರ್ಷಗಳು ಕಳೆದಿವೆ. ಓದು ಕಲಿಸುವ ಕ್ರಮವನ್ನು ಸಂಶೋಧನೆಯ ಆಧಾರದ ಮೇಲೆ ಬದಲಿಸುವ ಕೆಲಸದ ಮೊದಲ ಸುತ್ತು ಈಗಷ್ಟೇ ಮುಗಿದಿದೆ. ಇದೇ ದಾರಿಯಲ್ಲಿ ಹೊರಟಿರುವ ಬೇರೆ ಶಾಲಾ ಮುಖ್ಯಸ್ಥರು ನಾನು ಎಡವಿದ ಕಡೆಯಲ್ಲೇ ಎಡವದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ತಪ್ಪನ್ನು ಮೊದಲ ತಿಂಗಳಲ್ಲೇ ಮಾಡಿದೆ. ಗಾಬರಿಯಲ್ಲಿದ್ದವಳು ಸಿದ್ಧ ಪರಿಹಾರವನ್ನು ಹುಡುಕುವುದು ಸಹಜ. ಬಣ್ಣದ ಚಾರ್ಟುಗಳು, ಮಿಂಚುಪಟ್ಟಿಗಳು, ಶಿಕ್ಷಕರ ಕೈಪಿಡಿ ಎಲ್ಲವೂ ಇರುವ ಒಂದು ಕಿಟ್ ಅನ್ನು ಆ ವರ್ಷದ ಗ್ರಂಥಾಲಯದ ಹಣದಲ್ಲಿ ಕೊಂಡು, ಪ್ರತಿ ತರಗತಿಗೂ ಒಂದೊಂದು ಹಂಚಿ, ಕೆಲಸ ಆಯಿತೆಂದು ನೆಮ್ಮದಿಯಾಗಿದ್ದೆ. ಮೂರು ತಿಂಗಳ ನಂತರ ನೋಡಿದರೆ ಚಾರ್ಟುಗಳು ಗೋಡೆಯ ಮೇಲಿದ್ದವು, ಮಿಂಚುಪಟ್ಟಿಗಳ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ. ಶಿಕ್ಷಕರನ್ನು ದೂರುವಂತೆಯೂ ಇರಲಿಲ್ಲ. ಅದನ್ನು ಯಾವ ಪೀರಿಯಡ್‌ನಲ್ಲಿ, ಯಾವ ಮಗುವಿಗೆ, ಯಾಕೆ ಬಳಸಬೇಕೆಂದು ನಾನು ಹೇಳಿರಲಿಲ್ಲ. ಹೇಳಲು ನನಗೇ ಗೊತ್ತಿರಲಿಲ್ಲ.

ಆಮೇಲೆ ಓದಲು ಕುಳಿತೆ. ನನ್ನ ಯೋಚನೆಯನ್ನು ನೇರಗೊಳಿಸಿದ್ದು 1986ರಲ್ಲಿ ಸಂಶೋಧಕರಾದ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್‌ಮರ್ ಮುಂದಿಟ್ಟ ಸರಳವಾದ ಸೂತ್ರ. ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯವು ಅಕ್ಷರ ಬಿಡಿಸಿ ಓದುವ ಶಕ್ತಿ ಮತ್ತು ಭಾಷೆಯನ್ನು ಗ್ರಹಿಸುವ ಶಕ್ತಿಗಳ ಗುಣಲಬ್ಧ ಎಂಬುದು ಅದರ ತಿರುಳು. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ದೊಡ್ಡದಿದ್ದರೂ ಉತ್ತರ ಸೊನ್ನೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿಯು ಧ್ವನಿಮಾ ಅರಿವು (ಪದದೊಳಗಿನ ಬಿಡಿ ಧ್ವನಿಗಳನ್ನು ಗುರುತಿಸುವುದು), ಅಕ್ಷರ ಮತ್ತು ಧ್ವನಿಯ ಸಂಬಂಧದ ಕ್ರಮಬದ್ಧ ಬೋಧನೆ, ನಿರರ್ಗಳತೆ, ಪದಸಂಪತ್ತು, ಗ್ರಹಿಕೆ ಎಂಬ ಐದು ಅಂಶಗಳನ್ನು ಎತ್ತಿ ಹೇಳಿತ್ತು. ಆದರೆ ಅದು ಇಂಗ್ಲಿಷ್ ಓದಿನ ಸಂಶೋಧನೆ. ಕನ್ನಡದ 49 ಅಕ್ಷರಗಳಿಗೆ ಕಾಗುಣಿತ ಸೇರಿದರೆ ರೂಪಗಳು 400 ದಾಟುತ್ತವೆ, ಒತ್ತಕ್ಷರಗಳು ಅದರ ಮೇಲೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ 2007ರ ಲೇಖನವನ್ನು ಓದಿದಾಗ, ಈ ಅಕ್ಷರಜ್ಞಾನ ಕೈಗೂಡಲು ಮೊದಲೆರಡು ತರಗತಿಗಳು ಸಾಲುವುದಿಲ್ಲ ಎಂಬುದು ಮನದಟ್ಟಾಯಿತು. ನಾವಾದರೋ ಎರಡನೆಯ ತರಗತಿ ಮುಗಿಯುತ್ತಲೇ "ಅಕ್ಷರ ಮುಗಿಯಿತು" ಎಂದು ಮುಂದೆ ಹೋಗಿಬಿಡುತ್ತಿದ್ದೆವು.

ಅದೇ ಹೊತ್ತಿಗೆ ಓದಿದ ಇನ್ನೊಂದು ವಿಷಯ ನನ್ನ ಕುರ್ಚಿಗೇ ಸಂಬಂಧಿಸಿದ್ದು. ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಶಾಲಾ ಮುಖ್ಯಸ್ಥರು ಮಾಡುವ ಕೆಲಸಗಳ ಪೈಕಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಕಂಡದ್ದು ಶಿಕ್ಷಕರ ಕಲಿಕೆಯನ್ನು ಉತ್ತೇಜಿಸಿ ಅದರಲ್ಲಿ ತಾವೂ ಭಾಗಿಯಾಗುವುದರಿಂದ. ಉತ್ತೇಜಿಸುವುದು ಸುಲಭ. ಉದ್ಘಾಟನೆಯ ಭಾಷಣ ಮಾಡಿ ಕಚೇರಿಗೆ ಮರಳುವ ಕಲೆ ನಮಗೆಲ್ಲ ಕರಗತ. ಭಾಗಿಯಾಗುವುದೆಂದರೆ ಏನೆಂದು ಮುಂದೆ ಅನುಭವದಿಂದಲೇ ಗೊತ್ತಾಯಿತು.

ಎರಡನೆಯ ಹೆಜ್ಜೆಯಾಗಿ, ಎರಡರಿಂದ ಐದನೆಯ ತರಗತಿಯವರೆಗಿನ ಪ್ರತಿ ಮಗುವಿನ ಓದನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಲು ನಿರ್ಧರಿಸಿದೆವು. ಒಂದು ಮಗುವಿಗೆ ಆರು ನಿಮಿಷ ಎಂದಿಟ್ಟುಕೊಂಡರೂ ಮೂವತ್ತು ಮಕ್ಕಳ ತರಗತಿಗೆ ಮೂರು ಗಂಟೆ ಬೇಕು. ಆ ಮೂರು ಗಂಟೆ ಉಳಿದ ಇಪ್ಪತ್ತೊಂಬತ್ತು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ನಿಜವಾದ ಪ್ರಶ್ನೆ. ಹೊರಗಿನವರನ್ನು ಕರೆಸಿ ಪರೀಕ್ಷೆ ಮಾಡಿಸೋಣವೆಂದು ಕೆಲವರು ಹೇಳಿದರು. ಒಪ್ಪಲಿಲ್ಲ, ಕಲಿಸುವವರೇ ಕೇಳಬೇಕು, ಏಕೆಂದರೆ ಮಗು ಎಲ್ಲಿ ತಡವರಿಸುತ್ತದೆ ಎಂಬುದು ಅಂಕದಲ್ಲಿ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳಿಸುತ್ತದೆ. ಹಾಗಾಗಿ ತರಗತಿಗಳನ್ನು ನಾನು ಮತ್ತು ದೈಹಿಕ ಶಿಕ್ಷಕರು ವಹಿಸಿಕೊಂಡೆವು. ಹತ್ತು ದಿನದ ಕೆಲಸವೆಂದು ಅಂದಾಜಿಸಿದ್ದು ಮೂರೂವರೆ ವಾರ ಹಿಡಿಯಿತು. ನೀವೂ ನಿಮ್ಮ ಅಂದಾಜನ್ನು ಮೊದಲೇ ದುಪ್ಪಟ್ಟು ಮಾಡಿಕೊಳ್ಳುವುದು ಒಳ್ಳೆಯದು.

ಕೇಳಿದ್ದು ನಾಲ್ಕೇ ವಿಷಯ. ಕಾಗುಣಿತದ ಅಕ್ಷರಗಳನ್ನು ಅಡ್ಡಾದಿಡ್ಡಿಯಾಗಿ ತೋರಿಸಿ ಓದಿಸಿದೆವು, ಏಕೆಂದರೆ ಕ, ಕಾ, ಕಿ, ಕೀ ಎಂದು ರಾಗವಾಗಿ ಹಾಡುವ ಮಗು 'ಕೆ' ಮತ್ತು 'ಕೇ'ಗಳನ್ನು ಬಿಡಿಯಾಗಿ ಕಂಡಾಗ ಗೊಂದಲಕ್ಕೆ ಬೀಳುತ್ತದೆ. 'ಗಮಿಟು', 'ತೋಪಕೆ' ಎಂಬಂಥ ಅರ್ಥವಿಲ್ಲದ ಪದಗಳನ್ನು ಕೊಟ್ಟೆವು. ನೆನಪಿನಿಂದ ಒಪ್ಪಿಸಲು ಆಗದ್ದರಿಂದ ಮಗು ಅಕ್ಷರ ನೋಡಿ ಓದುತ್ತಿದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ. ಹೊಸದೊಂದು ಪುಟ್ಟ ಭಾಗವನ್ನು ಒಂದು ನಿಮಿಷ ಗಟ್ಟಿಯಾಗಿ ಓದಿಸಿದೆವು. ಕೊನೆಯಲ್ಲಿ ಅಷ್ಟೇ ಉದ್ದದ ಇನ್ನೊಂದು ಭಾಗವನ್ನು ನಾವೇ ಓದಿ ಹೇಳಿ ಪ್ರಶ್ನೆ ಕೇಳಿದೆವು. ಒಂದು ಎಚ್ಚರಿಕೆ: ನಿಮಿಷಕ್ಕೆ ಇಷ್ಟು ಪದ ಓದಬೇಕೆಂಬ ಇಂಗ್ಲಿಷ್ ಮಾನದಂಡಗಳು ಎಲ್ಲೆಡೆ ಸಿಗುತ್ತವೆ, ಅವನ್ನು ಕನ್ನಡಕ್ಕೆ ಹಾಗೆಯೇ ತರಬೇಡಿ. 'ಹೋಗುತ್ತಿದ್ದನಂತೆ' ಎಂಬುದು ನಮ್ಮಲ್ಲಿ ಒಂದೇ ಪದ. ನಾವು ಮಗುವಿನ ಇಂದಿನ ಓದನ್ನು ಅದೇ ಮಗುವಿನ ಮೂರು ತಿಂಗಳ ಹಿಂದಿನ ಓದಿನೊಂದಿಗೆ ಮಾತ್ರ ಹೋಲಿಸಿದೆವು.

ಸೂತ್ರದ ಗುಣಾಕಾರ ನನಗೆ ಕಣ್ಣಿಗೆ ಕಟ್ಟಿದ್ದು ಆಗಲೇ. ಬಾಯಿಪಾಠದ ಹುಡುಗಿ 'ಗಮಿಟು' ಪದವನ್ನು ನೋಡಿ, ಚಿತ್ರವಿದೆಯೇನೋ ಎಂದು ಹಾಳೆಯನ್ನು ತಿರುಗಿಸಿ ನೋಡಿದಳು. ಆದರೆ ನಾನು ಓದಿ ಹೇಳಿದ ಕಥೆಯ ಪ್ರತಿ ಪ್ರಶ್ನೆಗೂ ಉತ್ತರಿಸಿದಳು, ಕೇಳದಿದ್ದುದನ್ನೂ ಸೇರಿಸಿದಳು. ಅದೇ ತರಗತಿಯ ಹುಡುಗನೊಬ್ಬ ಒತ್ತಕ್ಷರಗಳೂ ಸೇರಿದಂತೆ ಎಲ್ಲವನ್ನೂ ಲೀಲಾಜಾಲವಾಗಿ ಓದಿ ಮುಗಿಸಿ, ಕಥೆಯಲ್ಲಿ ಯಾರಿದ್ದರು ಎಂದು ಕೇಳಿದರೆ ಸುಮ್ಮನೆ ನಿಂತ. ಅವನ ಮನೆಮಾತು ಬೇರೆ. ಅರ್ಧ ಪದಗಳು ಅವನ ಪಾಲಿಗೆ 'ಗಮಿಟು'ವಿನಂಥವೇ. ಇಬ್ಬರಿಗೂ ನಮ್ಮ ಪರೀಕ್ಷೆಯಲ್ಲಿ ಹೆಚ್ಚೂಕಡಿಮೆ ಒಂದೇ ಅಂಕ ಬಂದಿತ್ತು, ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯ ಗುಂಪಿಗೆ ಹಾಕಿ ಒಂದೇ ಉಕ್ತಲೇಖನ ಬರೆಸುತ್ತಿದ್ದೆವು.

ಕಾಗದಪತ್ರಗಳ ಬಗ್ಗೆ ಒಂದು ಮಾತು. ವೇಳಾಪಟ್ಟಿ ಬದಲಾವಣೆಗೆ ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ, ಪ್ರತಿ ಮಗುವಿಗೂ ಒಂದೇ ಪುಟದ ಓದಿನ ದಾಖಲೆ, ಪೋಷಕರ ಒಪ್ಪಿಗೆ ಪತ್ರ ಮತ್ತು ವಾರದ ಸಭೆಯ ನಡಾವಳಿ ಇವಿಷ್ಟಿದ್ದರೆ ಸಾಕು. ಇವುಗಳಲ್ಲಿ ನನ್ನನ್ನು ಸುಸ್ತು ಮಾಡಿದ್ದು ಪೋಷಕರ ಪತ್ರ. ಮೊದಲ ಕರಡಿನಲ್ಲಿ 'ಓದಿನಲ್ಲಿ ಹಿಂದುಳಿದ ಮಕ್ಕಳಿಗೆ' ಎಂದು ಬರೆದಿದ್ದೆ. ತಂದೆಯೊಬ್ಬರು ಪತ್ರವನ್ನು ಮಡಚಿ ನನ್ನ ಮೇಜಿನ ಮೇಲಿಟ್ಟು, "ಐದು ವರ್ಷ ಪಾಸು ಮಾಡಿದ್ದು ನೀವೇ ಅಲ್ಲವೇ ಮೇಡಂ, ಈಗ ಹಿಂದುಳಿದಿದ್ದಾನೆ ಅಂತೀರಾ?" ಎಂದರು. ಉತ್ತರ ನನ್ನ ಬಳಿ ಇರಲಿಲ್ಲ. ಪತ್ರವನ್ನು ಮತ್ತೆ ಬರೆದೆ. ಎಲ್ಲ ಮಕ್ಕಳ ಓದನ್ನೂ ಕೇಳಿದ್ದೇವೆ, ನಿಮ್ಮ ಮಗುವಿಗೆ ಇಂಥದ್ದು ಬರುತ್ತದೆ, ಇಂಥದ್ದನ್ನು ಕಲಿಸಬೇಕಿದೆ, ವಾರಕ್ಕೆ ಇಷ್ಟು ದಿನ ಇಷ್ಟು ಹೊತ್ತು ಕಲಿಸುತ್ತೇವೆ ಎಂದಷ್ಟೇ ಅದರಲ್ಲಿತ್ತು. ಸಹಿಗಳು ವಾರದೊಳಗೆ ಬಂದವು.

ಈ ಪತ್ರದಲ್ಲೂ ದಾಖಲೆಯಲ್ಲೂ 'ಡಿಸ್ಲೆಕ್ಸಿಯಾ' (ಓದುವುದನ್ನು ಕಷ್ಟವಾಗಿಸುವ ಕಲಿಕೆಯ ತೊಂದರೆ) ಎಂಬ ಪದವನ್ನು ನಾವು ಬರೆಯಲಿಲ್ಲ. ಶಾಲೆಯಲ್ಲಿ ನಾವು ಮಾಡುವುದು ಜರಡಿ ಹಿಡಿಯುವ ಕೆಲಸ, ರೋಗನಿರ್ಣಯವಲ್ಲ. ತಜ್ಞರ ಬಳಿ ಕಳುಹಿಸಬೇಕಾದ ಕೆಲವು ಮಕ್ಕಳಿದ್ದರು, ಅವರ ಸರದಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಕಾಯುವ ಅವಧಿಯಲ್ಲಿ ಕಲಿಸುವುದನ್ನು ನಿಲ್ಲಿಸಬೇಕಾಗಿಲ್ಲ ಎಂಬುದನ್ನು ಶಿಕ್ಷಕರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ವರದಿ ಬಂದ ಮೇಲೂ ಆ ಮಕ್ಕಳಿಗೆ ಬೇಕಾಗುವುದು ಇದೇ ಬಗೆಯ ಕ್ರಮಬದ್ಧ ಬೋಧನೆಯೇ, ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಸಲ. ಅದಕ್ಕೂ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ. ಮೂರನೆಯ ತರಗತಿಯ ಮಗುವೊಂದು 'ಪ' ಮತ್ತು 'ಬ'ಗಳನ್ನು ಅದಲುಬದಲು ಮಾಡುತ್ತಿದ್ದುದನ್ನು ನಾವು ಅಕ್ಷರದ ಗೊಂದಲವೆಂದೇ ನಂಬಿ ಒಂದು ತಿಂಗಳು ತಿದ್ದಿಸಿದೆವು. ಆ ಮಗುವಿಗೆ ಒಂದು ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಇನ್ನು ಶಿಕ್ಷಕರ ವಿಷಯ. ಎರಡು ದಿನದ ತರಬೇತಿ ಏರ್ಪಡಿಸಿದೆ, ಎಲ್ಲರೂ ಬಂದರು, ಟಿಪ್ಪಣಿ ಬರೆದುಕೊಂಡರು. ಮರುವಾರ ತರಗತಿಗಳಲ್ಲಿ ಏನೂ ಬದಲಾಗಿರಲಿಲ್ಲ. ತರಬೇತಿಯ ನಂತರ ತರಗತಿಯಲ್ಲೇ ಜೊತೆಗಿದ್ದು ತಿದ್ದುವವರಿಲ್ಲದಿದ್ದರೆ ಕಲಿತದ್ದು ಬೋಧನೆಗೆ ಇಳಿಯುವುದು ಅಪರೂಪ ಎಂದು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಹೇಳಿದ್ದರು. ನಾನದನ್ನು ಹಣ ಖರ್ಚಾದ ಮೇಲೆ ಓದಿದೆ.

ಸಿಬ್ಬಂದಿ ಸಭೆಯಲ್ಲಿ ನಮ್ಮ ಹಿರಿಯ ಶಿಕ್ಷಕಿಯೊಬ್ಬರು ಎದ್ದು ನಿಂತು, "ಇಷ್ಟು ವರ್ಷ ನಾವು ಕಲಿಸಿದ ಮಕ್ಕಳು ಓದಲಿಲ್ಲವೇ ಮೇಡಂ?" ಎಂದು ಕೇಳಿದರು. ನಾನು ಸಂಶೋಧನೆಯ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಅದಕ್ಕಿಂತ ಕೆಟ್ಟ ಉತ್ತರವನ್ನು ಕೊಡಲು ಸಾಧ್ಯವಿರಲಿಲ್ಲ. ಅವರು ಕುಳಿತರು, ಮತ್ತೆರಡು ತಿಂಗಳು ಸಭೆಯಲ್ಲಿ ಬಾಯಿ ಬಿಡಲಿಲ್ಲ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಹೇಗೆ ಕಲಿಸಿದರೂ ಓದಿಬಿಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರನ್ನು ನೋಡಿ ನಮ್ಮ ಕ್ರಮ ಸರಿಯಾಗಿದೆ ಎಂದು ನಾವೆಲ್ಲ ನಂಬಿರುತ್ತೇವೆ.

ಕೊನೆಗೆ ಗಂಟು ಬಿಡಿಸಿದ್ದು ನನ್ನದೇ ಸೋಲು. ಉಳಿದವರು ಹಿಂದೆ ಕುಳಿತು ನೋಡುತ್ತಿರುವಾಗ ನಾನೇ ಮೂರನೆಯ ತರಗತಿಗೆ ಅರ್ಕಾವೊತ್ತಿನ ಪಾಠ ಮಾಡಿದೆ. 'ಸೂರ್ಯ' ಎಂದು ಹಲಗೆಯ ಮೇಲೆ ಬರೆದು ಓದಲು ಹೇಳಿದರೆ ಮಕ್ಕಳು 'ಸೂಯರ' ಎಂದರು. ಅವರ ತಪ್ಪೇನು? ಉಚ್ಚಾರದಲ್ಲಿ ಮೊದಲು ಬರುವ 'ರ್' ಬರವಣಿಗೆಯಲ್ಲಿ 'ಯ'ದ ನಂತರ ಕುಳಿತಿದೆ, ಕಂಡ ಕ್ರಮದಲ್ಲಿ ಅವರು ಓದಿದ್ದರು. ನಾನು ನಿಯಮ ಹೇಳಿದೆ, ಮತ್ತೆ ಹೇಳಿದೆ, ದನಿ ಏರಿಸಿ ಹೇಳಿದೆ. ಆಗ ಆ ಹಿರಿಯ ಶಿಕ್ಷಕಿ ಎದ್ದು ಬಂದು ಹಲಗೆಯನ್ನು ಒರೆಸಿದರು. ಬರೆಯದೆಯೇ 'ಸೂರ್' ಎಂದು ಒಂದು ಚಪ್ಪಾಳೆ, 'ಯ' ಎಂದು ಇನ್ನೊಂದು ಚಪ್ಪಾಳೆ ತಟ್ಟಿಸಿದರು. 'ಕಾರ್ಯ', 'ವರ್ಷ', 'ಅರ್ಧ' ಹೀಗೆ ಐದಾರು ಪದಗಳನ್ನು ಬಾಯಲ್ಲೇ ಒಡೆಸಿದರು. ಬರೆದದ್ದು ಆಮೇಲೆ. "ಮೊದಲು ಕಿವಿಗೆ ಕೊಡಿ ಮೇಡಂ, ಕಣ್ಣಿಗೆ ಆಮೇಲೆ" ಎಂದರು. ಧ್ವನಿಯನ್ನು ಬಿಡಿಸುವುದನ್ನು ಕಲಿಸಿ ಅದನ್ನು ಅಕ್ಷರಕ್ಕೆ ಜೋಡಿಸಬೇಕೆಂದು ನಾನು ಓದಿದ್ದ ಲೇಖನಗಳು ಹೇಳುತ್ತಿದ್ದುದೂ ಅದನ್ನೇ. ಅಂದಿನಿಂದ ವಾರದ ಸಭೆಯನ್ನು ನಡೆಸಿದವರು ಅವರು. ನಾನು ವಿದ್ಯಾರ್ಥಿಯ ಬೆಂಚಿನಲ್ಲಿ ಕುಳಿತೆ.

ಎಲ್ಲಕ್ಕಿಂತ ಕಠಿಣವಾದದ್ದು ವೇಳಾಪಟ್ಟಿ. ದಿನದ ಮೊದಲ ಒಂದು ಗಂಟೆಯನ್ನು ಐದನೆಯ ತರಗತಿಯವರೆಗೂ ಓದಿಗೆ ಮೀಸಲಿಟ್ಟು, ಆ ಹೊತ್ತಿನಲ್ಲಿ ಯಾರೂ ತರಗತಿಯ ಬಾಗಿಲು ತಟ್ಟಬಾರದು ಎಂದು ಸುತ್ತೋಲೆ ಹೊರಡಿಸಿದೆ. ಒಂದು ತಿಂಗಳ ನಂತರವೂ ಪಾಠ ಮುಂದೆ ಸಾಗುತ್ತಿಲ್ಲವೆಂಬ ದೂರು ಬಂದಾಗ, ಒಂದು ತರಗತಿಯ ಬಾಗಿಲಿಗೆ ಹಾಳೆ ಅಂಟಿಸಿ, ಯಾರು ಯಾಕೆ ಬಂದರೆಂದು ಐದು ದಿನ ಗುರುತು ಹಾಕಿಸಿದೆ. ಒಟ್ಟು ಹದಿನೇಳು ಗುರುತುಗಳಿದ್ದವು, ಅದರಲ್ಲಿ ಹನ್ನೊಂದು ನನ್ನ ಕೊಠಡಿಯಿಂದ ಹೋದವು: ಸಹಿಗೆ ಕಳುಹಿಸಿದ ನೋಟಿಸ್ ಪುಸ್ತಕ, ಹಾಜರಾತಿಯ ವಿಚಾರಣೆ, ತುರ್ತಾಗಿ ಬೇಕಾದ ಯಾವುದೋ ಪಟ್ಟಿ. ಆ ಹಾಳೆಯನ್ನು ಇಂದಿಗೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ನೋಟಿಸ್ ಪುಸ್ತಕ ಈಗ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿರುತ್ತದೆ, ಧ್ವನಿವರ್ಧಕದ ಪ್ರಕಟಣೆಗಳು ದಿನದ ಕೊನೆಗೆ ಹೋಗಿವೆ. ಯಾವ ತುರ್ತೂ ಅಷ್ಟು ತುರ್ತಾಗಿರಲಿಲ್ಲ.

ಹೆಚ್ಚಿನ ನೆರವು ಬೇಕಾದ ಮಕ್ಕಳಿಗೆ ಮೂರರಿಂದ ಐದು ಜನರ ಗುಂಪಿನಲ್ಲಿ ಅರ್ಧ ಗಂಟೆ ಬೇರೆಯಾಗಿ ಕಲಿಸಿದೆವು. ಇದನ್ನು ಆ ಮೊದಲ ಗಂಟೆಯಿಂದ ಕಿತ್ತುಕೊಳ್ಳಬಾರದು, ಆಟದ ಪೀರಿಯಡ್‌ನಿಂದಲೂ ಕಿತ್ತುಕೊಳ್ಳಬಾರದು. ಆಟ ಕಳೆದುಕೊಂಡ ಮಗುವಿಗೆ ಓದು ಶಿಕ್ಷೆಯಾಗಿ ಕಾಣುತ್ತದೆ. ಹಾಗಾದರೆ ಎಲ್ಲಿಂದ ತರುವುದು? ನಾವು ವಿಜ್ಞಾನ ಮತ್ತು ಸಮಾಜದ ಪೀರಿಯಡ್‌ಗಳನ್ನು ಕತ್ತರಿಸಿದೆವು. ಇದು ಎರಡನೆಯ ದೊಡ್ಡ ತಪ್ಪು. ವರ್ಷದ ನಡುವೆ ಮಕ್ಕಳು ಅಕ್ಷರ ಬಿಡಿಸಿ ಓದುತ್ತಿದ್ದರು, ಓದಿದ್ದು ಅರ್ಥವಾಗುತ್ತಿರಲಿಲ್ಲ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಸ್‌ಬಾಲ್ ಬಗ್ಗೆ ಚೆನ್ನಾಗಿ ತಿಳಿದಿದ್ದ ದುರ್ಬಲ ಓದುಗರು, ಆ ಆಟ ಗೊತ್ತಿಲ್ಲದ ಒಳ್ಳೆಯ ಓದುಗರಿಗಿಂತ ಬೇಸ್‌ಬಾಲ್ ಕುರಿತ ಬರಹವನ್ನು ಹೆಚ್ಚು ನೆನಪಿಟ್ಟುಕೊಂಡಿದ್ದರು. ವಿಷಯಜ್ಞಾನವೇ ಗ್ರಹಿಕೆಯ ಅರ್ಧ ಬಂಡವಾಳ. ಅದನ್ನೇ ನಾವು ಕಡಿದಿದ್ದೆವು. ಮನೆಮಾತು ಬೇರೆಯಿದ್ದ ಆ ಹುಡುಗನಿಗೆ ಇದರಿಂದ ಅತಿ ಹೆಚ್ಚು ನಷ್ಟವಾಯಿತು, ಏಕೆಂದರೆ ಹೊಸ ಪದಗಳು ಅವನಿಗೆ ಸಿಗುತ್ತಿದ್ದುದೇ ಆ ತರಗತಿಗಳಲ್ಲಿ. ಪೀರಿಯಡ್‌ಗಳನ್ನು ಮರಳಿ ಕೊಟ್ಟು, ಪುನರಾವರ್ತನೆಗೆಂದು ಮೀಸಲಿದ್ದ ದಿನದ ಕೊನೆಯ ಅವಧಿಯನ್ನು ಗುಂಪುಗಳಿಗೆ ಬಿಟ್ಟೆವು. ಆಗಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳು ಆ ಹೊತ್ತಿನಲ್ಲಿ ಗ್ರಂಥಾಲಯದ ಪುಸ್ತಕ ಓದಿದರು. ಅವರಿಗೂ ಅದೇ ಅಕ್ಷರಾಭ್ಯಾಸ ಮಾಡಿಸುವುದು ಅನ್ಯಾಯ.

ಖರ್ಚಿನ ಲೆಕ್ಕ ನೋಡಿದರೆ ಮೊದಲ ವರ್ಷದ ಕಿಟ್‌ಗೆ ಹೋದದ್ದೇ ದೊಡ್ಡ ಮೊತ್ತ, ಉಳಿದೆರಡು ವರ್ಷದ ಖರ್ಚು ಸೇರಿದರೂ ಅಷ್ಟಾಗಲಿಲ್ಲ. ಮುದ್ರಣಕ್ಕೆ ಸ್ವಲ್ಪ ಹಣ ಬೇಕಾಯಿತು, ಏಕೆಂದರೆ ಕಲಿತ ಅಕ್ಷರಗಳಷ್ಟನ್ನೇ ಬಳಸಿ ಬರೆದ ಓದುಪುಟಗಳು ಸಿಗುವುದು ಕಷ್ಟ, ನಮ್ಮ ಶಿಕ್ಷಕರೇ ಕುಳಿತು ಬರೆದರು. 'ಕರಡಿ ಮರ ಏರಿತು' ಎಂದು ಒತ್ತಕ್ಷರವಿಲ್ಲದೆ ಶುರು ಮಾಡಿ, ಮುಂದಿನ ಪುಟದಲ್ಲಿ ಸಜಾತಿ ಒತ್ತು, ಆಮೇಲೆ ವಿಜಾತಿ ಒತ್ತು. ಒತ್ತಕ್ಷರವಿಲ್ಲದೆ ಹತ್ತು ವಾಕ್ಯದ ಕಥೆ ಬರೆಯುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿದವರಿಗೇ ಗೊತ್ತು. 'ಬಿದ್ದಿತು' ಎಂದು ಬರೆದು ನಾನೇ ಎರಡು ಬಾರಿ ಸಿಕ್ಕಿಬಿದ್ದೆ. ಹಣಕ್ಕಿಂತ ದುಬಾರಿಯಾದದ್ದು ಸಮಯ. ವಾರಕ್ಕೊಮ್ಮೆ ನಲವತ್ತು ನಿಮಿಷ ಶಿಕ್ಷಕರು ಒಟ್ಟಿಗೆ ಕೂರಬೇಕಾದರೆ ಯಾರಾದರೂ ಅವರ ತರಗತಿಗಳನ್ನು ನೋಡಿಕೊಳ್ಳಬೇಕು, ಮತ್ತು ಮುಖ್ಯಸ್ಥರು ಆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದ ವಾರದಿಂದಲೇ ಸಭೆಗಳು ತಪ್ಪತೊಡಗುತ್ತವೆ. ನಮ್ಮಲ್ಲಿ ಎರಡು ಬಾರಿ ಹಾಗಾಯಿತು.

ಎರಡನೆಯ ವರ್ಷದ ಮಧ್ಯಭಾಗ ನನ್ನ ಪಾಲಿಗೆ ಅತ್ಯಂತ ನಿರಾಶೆಯ ಕಾಲ. ಅಂಕಗಳು ಮೇಲೇರಿರಲಿಲ್ಲ. ಊಹಿಸಿ ಓದುವುದನ್ನು ಬಿಟ್ಟು ಅಕ್ಷರ ನೋಡಿ ಓದತೊಡಗಿದ ಮಕ್ಕಳ ವೇಗ ಮೊದಲಿಗಿಂತ ಕಡಿಮೆಯಾಗಿತ್ತು, ಇದನ್ನು ಕಂಡ ಆಡಳಿತ ಮಂಡಳಿಯ ಸದಸ್ಯರೊಬ್ಬರು "ಮೊದಲೇ ಚೆನ್ನಾಗಿತ್ತಲ್ಲ" ಎಂದರು. ಅಂಕಪಟ್ಟಿಯನ್ನು ಮುಂದಿಟ್ಟು ವಾದಿಸುವ ಬದಲು, ಅವರನ್ನೇ ಕರೆದು ನಾಲ್ಕು ಮಕ್ಕಳ ಹತ್ತಿರ ಕೂರಿಸಿ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪುಟವನ್ನು ಓದಿಸಿದೆ. ನಿಧಾನವಾಗಿಯಾದರೂ ಓದಿದರು. ಮರುಸಭೆಯಲ್ಲಿ ಅವರೇ ಇನ್ನೊಂದು ವರ್ಷ ಕೊಡೋಣ ಎಂದರು. ಈ ಹಿನ್ನಡೆಯನ್ನು ನೀವು ಮೊದಲೇ ನಿರೀಕ್ಷಿಸಿ, ಮಂಡಳಿಗೂ ಪೋಷಕರಿಗೂ ಮೊದಲೇ ಹೇಳಿಟ್ಟಿರಿ.

ಆ ಹುಡುಗಿ ಈ ವರ್ಷ ಏಳನೆಯ ತರಗತಿ ಮುಗಿಸಿದಳು. ಅವಳ ಓದು ಈಗಲೂ ನಿಧಾನ. ಕೊನೆಯ ಬಾರಿ ನನ್ನ ಕೊಠಡಿಯಲ್ಲಿ ಕುಳಿತು ಓದಿದಾಗ 'ಆಶ್ಚರ್ಯ' ಎಂಬಲ್ಲಿ ತಡೆದಳು, ಬೆರಳನ್ನು ಪದದ ಕೆಳಗೆ ಒತ್ತಿ ಹಿಡಿದು 'ಆಶ್... ಚರ್... ಯ' ಎಂದು ಒಡೆದು, ಮತ್ತೆ ಸೇರಿಸಿ ಓದಿದಳು. ಬೆರಳು ಸರಿಯಾದ ಸಾಲಿನ ಮೇಲೆಯೇ ಇತ್ತು. ಓದು ಇನ್ನೂ ಕೈಗೆ ಹತ್ತದ ಕೆಲವು ಮಕ್ಕಳ ಹೆಸರುಗಳು ನನ್ನ ಮೇಜಿನ ಖಾನೆಯಲ್ಲಿವೆ.

ಚಪ್ಪಾಳೆಯ ಪಾಠ ಕಲಿಸಿದ ಹಿರಿಯ ಶಿಕ್ಷಕಿ ಈ ಬೇಸಿಗೆಯಲ್ಲಿ ನಿವೃತ್ತರಾದರು. ಇಂಥ ಕೆಲಸಗಳು ಕುಸಿಯುವುದು ಹೀಗೆ ಒಬ್ಬರು ಹೊರಟಾಗಲೇ ಎಂಬ ಭಯದಿಂದ, ಅವರ ಸ್ಥಾನಕ್ಕೆ ಬಂದ ಯುವ ಶಿಕ್ಷಕಿಗೆ ಮೊದಲ ಮೂರು ವಾರ ಪಾಠ ವಹಿಸಿಲ್ಲ. ದಿನವೂ ಮೊದಲ ಗಂಟೆ ಅವರು ಬೇರೆಯವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳ ಓದು ಕೇಳುತ್ತಾರೆ. ಅವರ ತರಗತಿಗೆ ಸದ್ಯ ನಾನು ಹೋಗುತ್ತಿದ್ದೇನೆ, ಕಚೇರಿಯ ಬಾಗಿಲಿಗೆ ಬೀಗ ಹಾಕಿ.